ಗರಿ ಉಳಿಯುವುದು ಎಲ್ಲಿ? ಬೌದ್ಧ ಮತ್ತು ಜೈನ ಸಚಿತ್ರ ಹಸ್ತಪ್ರತಿಗಳ ಕುರಿತು

ಕಲಬುರಗಿ ಜಿಲ್ಲೆಯಲ್ಲಿ ಬೌದ್ಧಧರ್ಮದ ಕುರುಹುಗಳು ಕಲ್ಲಿನಲ್ಲಿ ಹೇರಳವಾಗಿವೆ. ತಾಳೆಗರಿಯಲ್ಲಿ ಒಂದೂ ಇಲ್ಲ. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬಳಿ, ಭೀಮಾನದಿಯ ದಡದ ಕನಗನಹಳ್ಳಿಯಲ್ಲಿ ಮಹಾಸ್ತೂಪವೊಂದು ಉತ್ಖನನದಿಂದ ಬೆಳಕಿಗೆ ಬಂದಿದೆ. ಜಾತಕಕಥೆಗಳು, ಬುದ್ಧನ ಜೀವನದ ಘಟನೆಗಳು, ರಾಜರ ಚಿತ್ರಗಳು ಸುಣ್ಣದ ಕಲ್ಲಿನ ಫಲಕಗಳಲ್ಲಿ ಸಾಲಾಗಿ ಕೆತ್ತಲ್ಪಟ್ಟಿವೆ. ಅನೇಕ ಫಲಕಗಳಿಗೆ ಬ್ರಾಹ್ಮೀ ಅಕ್ಷರದ ಶೀರ್ಷಿಕೆಗಳೂ ಇವೆ. ರಾಣಿಯೊಡನೆ ನಿಂತಿರುವ ಅರಸನ ಶಿಲ್ಪವೊಂದರಲ್ಲಿ ಆತ ಅಶೋಕರಾಜನೆಂದು ಬರೆದಿರುವುದು ಈಗ ಲೋಕಪ್ರಸಿದ್ಧ. ಅದಕ್ಕೆ ಮೊದಲೇ, 1986ರಲ್ಲಿ, ಸನ್ನತಿಯ ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿಕಾ ಗುಡಿಯ ಚಾವಣಿ ಕುಸಿದಾಗ, ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನವಿರುವುದು ಗೊತ್ತಾಗಿತ್ತು.

ಸನ್ನತಿಯ ಈ ಫಲಕಗಳನ್ನು ನೋಡುವಾಗಲೆಲ್ಲ ನನಗೆ ಪುಸ್ತಕದ ನೆನಪಾಗುತ್ತದೆ. ಚಿತ್ರ, ಅದರ ಕೆಳಗೆ ಹೆಸರು, ಪಕ್ಕದಲ್ಲಿ ಇನ್ನೊಂದು ಚಿತ್ರ. ಸ್ತೂಪದ ಸುತ್ತ ಪ್ರದಕ್ಷಿಣೆ ಬರುವವನು ಒಂದು ಗ್ರಂಥವನ್ನೇ ಓದಿ ಮುಗಿಸುತ್ತಾನೆ. ಹಾಗಿದ್ದರೆ ಆ ಭಿಕ್ಷುಗಳ ಕೈಯಲ್ಲಿದ್ದ ನಿಜವಾದ ಗ್ರಂಥಗಳು ಏನಾದವು? ಸಂಶೋಧನೆ ಕೈಗೊಂಡ ವಿದ್ಯಾರ್ಥಿಗಳು ಈ ಪ್ರಶ್ನೆಯನ್ನು ಹಲವು ಬಾರಿ ಕೇಳಿದ್ದಾರೆ. ನಾಶವಾದವು ಎಂಬ ಒಂದು ಮಾತಿನಲ್ಲಿ ಉತ್ತರಿಸಿ ಮುಗಿಸಬಹುದು. ಆದರೆ ಎಲ್ಲ ಗರಿಯೂ ನಾಶವಾಗುವಂಥದ್ದೇ. ಕೆಲವು ಏಕೆ ಉಳಿದವು ಎಂಬುದೇ ವಿಚಾರಿಸಬೇಕಾದ ವಿಷಯ. ಈ ವಿಚಾರಕ್ಕೆ ನಮ್ಮ ಜೈನ ಶ್ರುತಪರಂಪರೆಯ ಒಂದು ಉದಾಹರಣೆ ನೆರವಾಗುತ್ತದೆಂದು ನನ್ನ ನಂಬಿಕೆ.

ಕನ್ನಡ ನಾಡಿನಲ್ಲಿ ಬೌದ್ಧಧರ್ಮ ಶಾತವಾಹನರ ಕಾಲಕ್ಕೇ ಮುಗಿದುಹೋಗಲಿಲ್ಲವೆಂಬುದನ್ನು ಮೊದಲು ನೆನೆಯಬೇಕು. ಮಂಗಳೂರಿನ ಕದ್ರಿಯಲ್ಲಿ ಆಳುಪ ಕುಂದವರ್ಮನು 968ರಲ್ಲಿ ಲೋಕೇಶ್ವರನ ಕಂಚಿನ ಮೂರ್ತಿಯನ್ನು ಪ್ರತಿಷ್ಠಾಪಿಸಿದನು. ಬಳ್ಳಿಗಾವೆಯಲ್ಲಿ 11ನೇ ಶತಮಾನದಲ್ಲಿ ಬೌದ್ಧವಿಹಾರವಿತ್ತು, ತಾರಾಭಗವತಿಯ ಆರಾಧನೆಯಿತ್ತು. ಗದಗ ಜಿಲ್ಲೆಯ ಡಂಬಳದಲ್ಲಿ ಸೆಟ್ಟಿಗಳು ಕಟ್ಟಿಸಿದ ವಿಹಾರಕ್ಕೂ ಆರ್ಯತಾರೆಯ ವಿಹಾರಕ್ಕೂ ದತ್ತಿ ಬಿಟ್ಟ ಶಾಸನ 1095ರದು. ವಿಹಾರವಿದ್ದಲ್ಲಿ ಪಾಠವಿರುತ್ತದೆ, ಪಾಠವಿದ್ದಲ್ಲಿ ಪುಸ್ತಕವಿರುತ್ತದೆ. ಆದರೂ ಕಂಚು, ಕಲ್ಲು, ದಾನಶಾಸನ ಇವಿಷ್ಟೇ ನಮಗೆ ದೊರೆತಿವೆ.

ಅದೇ ಕಾಲದ ಬೌದ್ಧ ಸಚಿತ್ರ ಹಸ್ತಪ್ರತಿಗಳು ಬೇರೆಡೆ ಉಳಿದಿವೆ. ಪಾಲ ಅರಸರ ಕಾಲದಲ್ಲಿ ನಾಲಂದಾ, ವಿಕ್ರಮಶಿಲಾ ಮೊದಲಾದ ಮಹಾವಿಹಾರಗಳಲ್ಲಿ ಅತಿ ಹೆಚ್ಚಾಗಿ ಬರೆಯಲ್ಪಟ್ಟ ಗ್ರಂಥ ಅಷ್ಟಸಾಹಸ್ರಿಕಾ ಪ್ರಜ್ಞಾಪಾರಮಿತಾ. ಉದ್ದನೆಯ ತಾಳೆಗರಿ, ದಾರ ಪೋಣಿಸಲು ರಂಧ್ರಗಳು, ಮಸಿಯಿಂದ ಬರೆದ ಅಕ್ಷರಗಳು, ಗರಿಯ ನಡುವೆಯೂ ಅಂಚುಗಳಲ್ಲಿಯೂ ಅಂಗೈಗಿಂತ ಕಿರಿದಾದ ವರ್ಣಚಿತ್ರಗಳು, ಮೇಲೆ ಕೆಳಗೆ ಚಿತ್ರ ಬರೆದ ಮರದ ಹಲಗೆಗಳು: ಇದು ಅವುಗಳ ಸಾಮಾನ್ಯ ರೂಪ. ಮಹೀಪಾಲನ ಆಳ್ವಿಕೆಯ 6ನೇ ವರ್ಷದಲ್ಲಿ ನಾಲಂದಾದಲ್ಲಿ ಬರೆದ ಇಂಥ ಒಂದು ಪ್ರತಿ ಕೋಲ್ಕತ್ತದ ಏಷ್ಯಾಟಿಕ್ ಸೊಸೈಟಿಯಲ್ಲಿದೆ. 1015ರಲ್ಲಿ ನೇಪಾಳದಲ್ಲಿ ಬರೆದ ಇನ್ನೊಂದು ಪ್ರತಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ. ಈ ಎರಡನೆಯದರ ಚಿತ್ರಗಳ ಜೊತೆಗೆ ಆಯಾ ದೇವತೆಯ ಮತ್ತು ಕ್ಷೇತ್ರದ ಹೆಸರುಗಳನ್ನು ಬರೆಯಲಾಗಿದ್ದು, ಅವುಗಳಲ್ಲಿ ಕೊಂಕಣದ ಸ್ಥಳಗಳೂ ಸೇರಿವೆ. ಪಶ್ಚಿಮ ಕರಾವಳಿಯ ಬೌದ್ಧಕ್ಷೇತ್ರಗಳ ನೆನಪು ಹಿಮಾಲಯದ ತಪ್ಪಲಿನ ಒಂದು ಓಲೆಯಲ್ಲಿ ಉಳಿದಿರುವುದು ಗಮನಾರ್ಹ.

ಈ ಚಿತ್ರಗಳ ಬಗ್ಗೆ ಕಲಾಚರಿತ್ರಕಾರರು ಗುರುತಿಸಿರುವ ಒಂದು ಸಂಗತಿ ನಮ್ಮ ಚರ್ಚೆಗೆ ಮುಖ್ಯವಾದುದು. ಚಿತ್ರಗಳಿಗೂ ಗ್ರಂಥದ ವಿಷಯಕ್ಕೂ ನೇರವಾದ ಸಂಬಂಧವಿಲ್ಲ. ಪ್ರಜ್ಞಾಪಾರಮಿತಾ ಶೂನ್ಯತೆಯನ್ನು ಪ್ರತಿಪಾದಿಸುವ ಗ್ರಂಥ. ಅದರಲ್ಲಿ ಚಿತ್ರಿಸಬಹುದಾದ ಕಥೆ ಬಹಳ ಕಡಿಮೆ. ಆದರೆ ಗರಿಗಳಲ್ಲಿರುವುದು ಬುದ್ಧನ ಜೀವನದ ಎಂಟು ಮಹಾಘಟನೆಗಳು, ಬೋಧಿಸತ್ತ್ವರು, ತಾರೆ, ಸ್ವತಃ ಪ್ರಜ್ಞಾಪಾರಮಿತಾದೇವಿ. ಓದುಗನಿಗೆ ಅರ್ಥ ಬಿಡಿಸಿ ಹೇಳುವುದು ಈ ಚಿತ್ರಗಳ ಉದ್ದೇಶವಲ್ಲ. ಅವು ಗ್ರಂಥವನ್ನೇ ಪೂಜಾವಸ್ತುವಾಗಿಸುತ್ತವೆ. ಬರೆಸಿದವರಿಗೆ ಪುಣ್ಯ, ಇಟ್ಟುಕೊಂಡವರಿಗೆ ರಕ್ಷೆ.

ಈಗ ಕನ್ನಡ ನಾಡಿಗೆ ಮರಳೋಣ. ನಮ್ಮಲ್ಲಿ ಉಳಿದಿರುವ ಅತಿ ಪ್ರಾಚೀನ ಸಚಿತ್ರ ತಾಳೆಗರಿಗಳು ಮೂಡುಬಿದಿರೆಯ ಸಿದ್ಧಾಂತ ಬಸದಿಯವು. ಅವು ಷಟ್ಖಂಡಾಗಮದ ಟೀಕೆಯಾದ ಧವಲಾ, ಕಷಾಯಪ್ರಾಭೃತದ ಟೀಕೆಯಾದ ಜಯಧವಲಾ ಮತ್ತು ಮಹಾಧವಲವೆಂದು ಹೆಸರಾದ ಮಹಾಬಂಧ, ಈ ಸಿದ್ಧಾಂತಗ್ರಂಥಗಳ ಪ್ರತಿಗಳು. ಚಿತ್ರಗಳು 12ನೇ ಶತಮಾನದ ಆರಂಭದ ಹೊಯ್ಸಳರ ಕಾಲದವೆಂದು ಗುರುತಿಸಲ್ಪಟ್ಟಿವೆ. ಕಲಾಚರಿತ್ರೆಯ ವಿದ್ವಾಂಸರಲ್ಲಿ ಸರಯೂ ದೋಷಿ ಅವರು ಇವನ್ನು ವಿಶೇಷವಾಗಿ ಅಧ್ಯಯನ ಮಾಡಿ ಹೊರಗಿನ ಲೋಕಕ್ಕೆ ಪರಿಚಯಿಸಿದರು. ಗರಿಗಳು ಎರಡಡಿಗೂ ಹೆಚ್ಚು ಉದ್ದವಾದ ಶ್ರೀತಾಳೆಯವು. ದಕ್ಷಿಣದ ವಾಡಿಕೆಯಂತೆ ಕಂಠದಿಂದ ಅಕ್ಷರ ಕೊರೆದು ಕಾಡಿಗೆ ಹಚ್ಚಿದವಲ್ಲ. ನಾಲಂದಾದ ಪ್ರತಿಗಳಂತೆ ಮಸಿಯಿಂದ ಬರೆದವು. ಲಿಪಿ ಹಳಗನ್ನಡದ್ದು, ಭಾಷೆ ಪ್ರಾಕೃತ ಮತ್ತು ಸಂಸ್ಕೃತ.

ಈ ಗರಿಗಳಲ್ಲಿ ಯಾವ ಚಿತ್ರಗಳಿವೆ? ಪಾರ್ಶ್ವನಾಥ, ಬಾಹುಬಲಿ, ಯಕ್ಷಯಕ್ಷಿಯರು, ಶ್ರುತದೇವಿ, ಕೈಮುಗಿದು ಕುಳಿತ ಶ್ರಾವಕ ಶ್ರಾವಕಿಯರು. ಗ್ರಂಥದ ವಿಷಯವೋ ಕರ್ಮಸಿದ್ಧಾಂತ: ಗುಣಸ್ಥಾನ, ಮಾರ್ಗಣಾಸ್ಥಾನ, ಬಂಧದ ಪ್ರಕೃತಿ ಸ್ಥಿತಿಗಳ ಲೆಕ್ಕಾಚಾರ. ಯಾವ ಚಿತ್ರಕಾರನೂ ಇದನ್ನು ಬಣ್ಣದಲ್ಲಿ ತೋರಿಸಲಾರ. ಶೂನ್ಯತೆಯ ಗ್ರಂಥಕ್ಕೆ ತಾರೆಯ ಚಿತ್ರ, ಕರ್ಮಬಂಧದ ಗ್ರಂಥಕ್ಕೆ ಯಕ್ಷಿಯ ಚಿತ್ರ. ತತ್ತ್ವದಲ್ಲಿ ಪರಸ್ಪರ ಖಂಡಿಸಿದ ಎರಡು ಶ್ರಮಣಪರಂಪರೆಗಳು ಪುಸ್ತಕವನ್ನು ಕಂಡ ಬಗೆ ಒಂದೇ ಆಗಿತ್ತೆಂದು ಇದರಿಂದ ತಿಳಿಯುತ್ತದೆ. ನಾಲಂದಾದ ಬೌದ್ಧ ಚಿತ್ರಗಳನ್ನು ನೋಡುವವರು ಮೂಡುಬಿದಿರೆಯ ಚಿತ್ರಗಳನ್ನೂ ಜೊತೆಗಿಟ್ಟು ನೋಡಬೇಕೆಂದು ನಾನು ಹೇಳುವುದು ಇದಕ್ಕಾಗಿಯೇ. ಕನ್ನಡ ನಾಡಿನ ವಿಹಾರಗಳಲ್ಲಿ ಸಚಿತ್ರ ಪುಸ್ತಕಗಳು ಇದ್ದಿದ್ದರೆ ಅವು ಯಾವ ಬಗೆಯಲ್ಲಿ ಇದ್ದಿರಬಹುದೆಂದು ಊಹಿಸಲು ನಮಗೆ ಹತ್ತಿರವಾದ ಆಧಾರ ಇವೇ.

ಬರೆಸಿದವರು ಯಾರೆಂಬುದನ್ನು ಪ್ರಶಸ್ತಿಗಳು ಹೇಳುತ್ತವೆ. ಧವಲಾ ಪ್ರತಿಯನ್ನು ದೇಮಿಯಕ್ಕ ಎಂಬ ಶ್ರಾವಕಿ ಶ್ರುತಪಂಚಮಿ ವ್ರತದ ಉದ್ಯಾಪನೆಯ ಸಲುವಾಗಿ ಬರೆಯಿಸಿ ಶುಭಚಂದ್ರ ಸಿದ್ಧಾಂತದೇವರಿಗೆ ಅರ್ಪಿಸಿದಳು. ಮಹಾಬಂಧದ ಪ್ರತಿಯನ್ನು ಮಲ್ಲಿಕಬ್ಬೆ ಅದೇ ಪಂಚಮೀ ವ್ರತಕ್ಕಾಗಿ ಬರೆಯಿಸಿ ಮಾಘನಂದಿ ಆಚಾರ್ಯರಿಗೆ ಕೊಟ್ಟಳು. ಅದಕ್ಕೂ ನೂರು ವರ್ಷಗಳ ಹಿಂದೆ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ್ದಳು. ರನ್ನನಿಂದ ಅಜಿತಪುರಾಣವನ್ನು 993ರಲ್ಲಿ ಬರೆಯಿಸಿದವಳೂ ಅವಳೇ. ಶಾಸ್ತ್ರದಾನವೆಂಬುದು ಆಹಾರ, ಅಭಯ, ಔಷಧದಾನಗಳೊಡನೆ ಸೇರಿದ ಚತುರ್ವಿಧ ದಾನಗಳಲ್ಲಿ ಒಂದು. ಆ ಕಾಲದಲ್ಲಿ ಒಂದು ಗ್ರಂಥವನ್ನು ಲೋಕದಲ್ಲಿ ಉಳಿಸುವ ಶಕ್ತಿ ಅರಸನ ಅಪ್ಪಣೆಗಿಂತ ಗೃಹಿಣಿಯ ವ್ರತದಲ್ಲಿ ಹೆಚ್ಚಾಗಿತ್ತೆನ್ನಬಹುದು. ಅರಸನ ಅಪ್ಪಣೆ ಅವನೊಡನೆ ಮುಗಿಯುತ್ತದೆ, ಪಂಚಮಿ ಪ್ರತಿವರ್ಷವೂ ಬರುತ್ತದೆ.

ಶ್ರುತಪಂಚಮಿಯ ಮೂಲವೂ ಬರವಣಿಗೆಯದೇ. ಗಿರಿನಗರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು, ತಮ್ಮೊಡನೆ ಶ್ರುತವೂ ಅಳಿದುಹೋದೀತೆಂಬ ಭಯದಿಂದ, ದಕ್ಷಿಣದಿಂದ ಬಂದ ಇಬ್ಬರು ಮುನಿಗಳಿಗೆ ತಮಗೆ ತಿಳಿದುದನ್ನು ಉಪದೇಶಿಸಿದರು. ಅವರಲ್ಲಿ ಪುಷ್ಪದಂತರು ವನವಾಸಿಗೆ, ಎಂದರೆ ನಮ್ಮ ಬನವಾಸಿಯ ನಾಡಿಗೆ, ಬಂದು ಸತ್ಪ್ರರೂಪಣೆಯ 177 ಸೂತ್ರಗಳನ್ನು ರಚಿಸಿ, ಅವನ್ನು ಭೂತಬಲಿಗಳಿಗೆ ಕಳುಹಿಸಿದರೆಂದು ವೀರಸೇನರು ಧವಲೆಯಲ್ಲಿ ಹೇಳಿದ್ದಾರೆ. ಭೂತಬಲಿಗಳು ಉಳಿದುದನ್ನು ಪೂರ್ಣಗೊಳಿಸಿದರು. ಗ್ರಂಥ ಪುಸ್ತಕಾರೂಢವಾದ ಜ್ಯೇಷ್ಠ ಶುದ್ಧ ಪಂಚಮಿಯಂದು ಚತುಸ್ಸಂಘವು ಅದನ್ನು ಪೂಜಿಸಿತು. ವೀರಸೇನರ 72,000 ಗ್ರಂಥಪ್ರಮಾಣದ ಧವಲಾ ಟೀಕೆ 816ರಲ್ಲಿ ಮುಗಿಯಿತು. ಅಮೋಘವರ್ಷನು ಪಟ್ಟವೇರಿ ಆಗಿನ್ನೂ ಎರಡು ವರ್ಷ. ಜಯಧವಲೆಯನ್ನು ಅವರು ಆರಂಭಿಸಿ ಬಿಟ್ಟುಹೋದರು. ಅದನ್ನು ಮುಗಿಸಿದ ಶಿಷ್ಯ ಜಿನಸೇನರು ಅಮೋಘವರ್ಷನ ಗೌರವಕ್ಕೆ ಪಾತ್ರರಾದವರು.

ಬರೆದ ಗರಿಯನ್ನು ಉಳಿಸುವ ಕ್ರಮವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಎಳೆಯ ಗರಿಯನ್ನು ಕಡಿದು, ನಡುನಾರು ತೆಗೆದು, ನೀರಿನಲ್ಲಿ ಬೇಯಿಸಿ, ನೆರಳಿನಲ್ಲಿ ಒಣಗಿಸಿ, ಉಜ್ಜಿ ನಯ ಮಾಡಿ, ಒಂದೇ ಅಳತೆಗೆ ಕತ್ತರಿಸಿ ರಂಧ್ರ ಮಾಡುತ್ತಿದ್ದರು. ಕಟ್ಟಿದ ಮೇಲೂ ಕೆಲಸ ಮುಗಿಯುವುದಿಲ್ಲ. ವರ್ಷಕ್ಕೊಮ್ಮೆಯಾದರೂ ಕಟ್ಟು ಬಿಚ್ಚಬೇಕು, ಗಾಳಿಗೆ ಹರಡಬೇಕು, ಧೂಳು ಒರೆಸಬೇಕು, ನಿಂಬೆಹುಲ್ಲಿನ ಎಣ್ಣೆಯಂಥದನ್ನು ಲೇಪಿಸಿ ಹುಳುವನ್ನು ದೂರವಿಡಬೇಕು, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಬೇಕು. ಮಸಿಯಿಂದ ಬರೆದ ಗರಿಗೆ ಎಣ್ಣೆ ಹಚ್ಚುವಾಗ ಅಕ್ಷರ ಕಲೆಸದಂತೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಇಷ್ಟಾದರೂ ಗರಿಗೆ ಆಯುಷ್ಯವಿದೆ. ಕೆಲವು ತಲೆಮಾರುಗಳಿಗೊಮ್ಮೆ ಹೊಸ ಗರಿಗೆ ಪ್ರತಿ ಮಾಡದಿದ್ದರೆ ಗ್ರಂಥ ಉಳಿಯದು. ಅತ್ತಿಮಬ್ಬೆ ಹಂಚಿದ ಸಾವಿರದಲ್ಲಿ ಇದೇ ಒಂದೆಂದು ತೋರಿಸಬಲ್ಲ ಪ್ರತಿ ಇಂದು ನಮ್ಮ ಮುಂದಿಲ್ಲ. ಆದರೂ ಶಾಂತಿಪುರಾಣ ಉಳಿದಿದೆ, ಏಕೆಂದರೆ ಪ್ರತಿಯಿಂದ ಪ್ರತಿ ಹುಟ್ಟುತ್ತ ಬಂತು.

ಕಟ್ಟಿನಲ್ಲಿ ಮೊದಲು ಸವೆಯುವುದು ಹೊರಗಿನ ಗರಿಗಳು. ನಮ್ಮ ಮನೆತನದಲ್ಲಿ ಕೆಂಪು ಬಟ್ಟೆಯಲ್ಲಿ ಸುತ್ತಿದ ವ್ರತಕಥೆಗಳ ಒಂದು ಸಣ್ಣ ಕಟ್ಟಿತ್ತು. ಶ್ರುತಪಂಚಮಿಯಂದು ಅದನ್ನು ಮಣೆಯ ಮೇಲಿಟ್ಟು ಅಕ್ಷತೆ ಹಾಕಿ ಆರತಿ ಬೆಳಗಿ ಮತ್ತೆ ಒಳಗಿಡುತ್ತಿದ್ದರು. ಹಳೆಯ ಲಿಪಿ ಕಲಿತ ಮೇಲೆ ನಾನು ಅದನ್ನು ಬಿಚ್ಚಿ ನೋಡಿದಾಗ ಒಳಗಿನ ಗರಿಗಳು ಚೆನ್ನಾಗಿಯೇ ಇದ್ದವು, ಕೊನೆಯದು ಮಾತ್ರ ಇರಲಿಲ್ಲ. ಬರೆದವರ ಹೆಸರು, ಬರೆಸಿದವರ ಹೆಸರು, ಸಂವತ್ಸರ, ತಿಥಿ ಇರುವುದು ಆ ಕೊನೆಯ ಗರಿಯಲ್ಲಿಯೇ. ಲಿಪಿಕಾರರ ಹೆಸರುಗಳು ನಮಗೆ ಇಷ್ಟು ಕಡಿಮೆ ತಿಳಿದಿರುವುದಕ್ಕೆ ಅವರ ವಿನಯವೊಂದೇ ಕಾರಣವಲ್ಲ. ಗ್ರಂಥ ಕಟ್ಟುವ ಕ್ರಮದಲ್ಲಿಯೇ ಅವರ ಹೆಸರು ಅಪಾಯದ ಜಾಗದಲ್ಲಿರುತ್ತದೆ.

ಮೂಡುಬಿದಿರೆಗೆ ಹಿಂತಿರುಗಿದರೆ, ಅಲ್ಲಿ ಗರಿಗಳು ಉಳಿದದ್ದು ಪೂಜೆಯಿಂದ. ಕರಾವಳಿಯ ಮಳೆ, ತೇವ, ಗೆದ್ದಲು ಇವೆಲ್ಲವನ್ನೂ ಮೀರಿ ಎಂಟು ಶತಮಾನ ಉಳಿದವು. ಆದರೆ ಕಾಲಕ್ರಮದಲ್ಲಿ ಪೂಜೆ ಉಳಿದು ಪಠನ ನಿಂತಿತು. ಸಿದ್ಧಾಂತಗ್ರಂಥಗಳನ್ನು ಗೃಹಸ್ಥರು ಓದಬಾರದೆಂಬ ಭಾವನೆಯೂ, ಹೊರಗೆ ಹೋದರೆ ಹಾಳಾದೀತೆಂಬ ಸಹಜವಾದ ಅಂಜಿಕೆಯೂ ಸೇರಿ, 19ನೇ ಶತಮಾನದ ಹೊತ್ತಿಗೆ ಧವಲಾ ಎಂಬುದು ದರ್ಶನಕ್ಕೆ ಮಾತ್ರ ಒದಗುವ ವಸ್ತುವಾಗಿತ್ತು. ಯಾತ್ರಿಕರು ರತ್ನಬಿಂಬಗಳನ್ನು ನೋಡುವಂತೆ ಈ ಗರಿಗಳನ್ನೂ ನೋಡಿ ಕೈಮುಗಿದು ಹೋಗುತ್ತಿದ್ದರು. ಬೇರೆಲ್ಲಿಯೂ ಪ್ರತಿಯಿರಲಿಲ್ಲ. ಆ ಬಸದಿಗೆ ಬೆಂಕಿ ತಗುಲಿದ್ದರೆ ದಿಗಂಬರ ಆಗಮದ ಮೂಲವೇ ಇಲ್ಲವಾಗುತ್ತಿತ್ತು.

1883ರ ಸುಮಾರಿಗೆ ಮುಂಬಯಿಯ ಸೇಠ ಮಾಣಿಕಚಂದ ಅವರು ಯಾತ್ರೆಗೆ ಬಂದವರು ಈ ಗರಿಗಳ ಸ್ಥಿತಿಯನ್ನು ಕಂಡು ಕಳವಳಗೊಂಡು ಸೊಲ್ಲಾಪುರದ ಹೀರಾಚಂದ ನೇಮಚಂದರಿಗೆ ತಿಳಿಸಿದರು. ಮರುವರ್ಷ ಹೀರಾಚಂದರು ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳನ್ನು ಜೊತೆಗೆ ಕರೆದುಕೊಂಡು ಬಂದರು. ಶಾಸ್ತ್ರಿಗಳು ಮಂಗಲಾಚರಣೆಯನ್ನು ಓದಿ ಹೇಳಿದರು. ಆದರೂ ಪ್ರತಿ ಮಾಡುವ ಒಪ್ಪಿಗೆ ದೊರೆತು ಕೆಲಸ ಆರಂಭವಾದದ್ದು 1896ರಲ್ಲಿ. ಬ್ರಹ್ಮಸೂರಿ ಶಾಸ್ತ್ರಿಗಳೂ ಮಿರಜಿನ ಗಜಪತಿ ಉಪಾಧ್ಯಾಯರೂ ಬರೆಯತೊಡಗಿದರು. ಶಾಸ್ತ್ರಿಗಳು ಕೆಲಸದ ನಡುವೆಯೇ ತೀರಿಕೊಂಡರು. ಗಜಪತಿಗಳು ಒಬ್ಬರೇ ಹದಿನಾರು ವರ್ಷ ದುಡಿದು ಧವಲಾ, ಜಯಧವಲೆಗಳ ನಾಗರೀ ಪ್ರತಿಯನ್ನು ಮುಗಿಸಿದರು. ಇದರ ಜೊತೆಗೆ ಕನ್ನಡ ಲಿಪಿಯಲ್ಲಿಯೂ ಬೇರೆಯವರಿಂದ ಪ್ರತಿ ಸಿದ್ಧವಾಯಿತು. ಮಹಾಬಂಧವನ್ನು ಲೋಕನಾಥ ಶಾಸ್ತ್ರಿಗಳು ಬರೆದು ಮುಗಿಸಿದ್ದು 1922ರಲ್ಲಿ. ಒಟ್ಟು 26 ವರ್ಷಗಳ ಕೆಲಸ.

ಈ ಹೊಸ ಪ್ರತಿಗಳೂ ಮೂಡುಬಿದಿರೆಯಲ್ಲಿಯೇ ಉಳಿಯಬೇಕೆಂಬುದು ಒಪ್ಪಂದ. ಗಜಪತಿ ಉಪಾಧ್ಯಾಯರು ಹಗಲು ಬಸದಿಯಲ್ಲಿ ಬರೆದದ್ದನ್ನು ಮನೆಯಲ್ಲಿ ಗುಟ್ಟಾಗಿ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿ ಮಾಡಿದರು. ಆ ಬರವಣಿಗೆಯಲ್ಲಿ ಅವರ ಪತ್ನಿ ಲಕ್ಷ್ಮೀಬಾಯಿಯವರ ಪಾಲೂ ಇತ್ತು. ಮಾಣಿಕಚಂದರೂ ಹೀರಾಚಂದರೂ ಆ ಪ್ರತಿಯನ್ನು ಕೊಳ್ಳಲು ಒಪ್ಪಲಿಲ್ಲ. ಕೊನೆಗೆ ಸಹಾರನಪುರದ ಲಾಲಾ ಜಂಬೂಪ್ರಸಾದರು ಅದನ್ನು ಪಡೆದು ತಮ್ಮ ಮಂದಿರದಲ್ಲಿರಿಸಿದರು. ಉತ್ತರದವರಿಗೆ ಕನ್ನಡ ಲಿಪಿ ಬಾರದು. ಆದ್ದರಿಂದ ವಿಜಯಚಂದ್ರಯ್ಯನವರು ಓದಿ ಹೇಳುತ್ತ ಸೀತಾರಾಮ ಶಾಸ್ತ್ರಿಗಳು ನಾಗರಿಯಲ್ಲಿ ಬರೆದುಕೊಳ್ಳುತ್ತ ಇನ್ನೊಂದು ಪ್ರತಿ ಸಿದ್ಧವಾಯಿತು. ಸೀತಾರಾಮ ಶಾಸ್ತ್ರಿಗಳೂ ತಮಗಾಗಿ ಒಂದು ಪ್ರತಿ ಉಳಿಸಿಕೊಂಡರು. ಅದರಿಂದ ಆರಾ, ಕಾರಂಜಾ, ಸಾಗರ, ಅಮರಾವತಿ ಮೊದಲಾದ ಊರುಗಳಿಗೆ ಪ್ರತಿಗಳು ಹಬ್ಬಿದವು. ಅಮರಾವತಿಯ ಪ್ರಾಧ್ಯಾಪಕ ಹೀರಾಲಾಲ ಜೈನರು 1939ರಲ್ಲಿ ಹಿಂದೀ ಅನುವಾದದೊಂದಿಗೆ ಷಟ್ಖಂಡಾಗಮದ ಮೊದಲ ಸಂಪುಟವನ್ನು ಮುದ್ರಿಸಿದರು. ನಮ್ಮವರೇ ಆದ ಆ. ನೇ. ಉಪಾಧ್ಯೆಯವರ ಸಹಕಾರ ಆ ಕೆಲಸಕ್ಕಿತ್ತು. ಎರಡು ದಶಕಗಳಲ್ಲಿ 16 ಸಂಪುಟಗಳು ಹೊರಬಂದವು.

ಗಜಪತಿ ಉಪಾಧ್ಯಾಯರ ನಡೆಯನ್ನು ಕೆಲವರು ವಿಶ್ವಾಸಭಂಗವೆನ್ನುತ್ತಾರೆ, ಕೆಲವರು ಶ್ರುತಸೇವೆ ಎನ್ನುತ್ತಾರೆ. ಎರಡೂ ಮಾತಿನಲ್ಲಿ ಸತ್ಯವಿದೆ. ಮೂಡುಬಿದಿರೆಯವರು ಇಷ್ಟು ಶತಮಾನ ಕಾಯದಿದ್ದರೆ ಅವರಿಗೆ ಬರೆದುಕೊಳ್ಳಲು ಗರಿಯೇ ಇರುತ್ತಿರಲಿಲ್ಲ. ಅವರು ಬರೆದುಕೊಳ್ಳದಿದ್ದರೆ ಆ ಗರಿ ಓದುಗರ ಕೈಗೆ ಅಷ್ಟು ಬೇಗ ಬರುತ್ತಿರಲಿಲ್ಲ. ಕಾಯುವವನಿಗೂ ನಕಲು ಮಾಡುವವನಿಗೂ ನಡುವಿನ ಈ ಜಗ್ಗಾಟದಲ್ಲಿಯೇ ನಮ್ಮ ಆಗಮ ಉಳಿಯಿತು.

ಈ ಜಗ್ಗಾಟದಲ್ಲಿ ಇಬ್ಬರೂ ಏಕೆ ಬೇಕೆಂಬುದಕ್ಕೆ ಒಂದೇ ಒಂದು ಪದದ ಕಥೆಯನ್ನು ಹೇಳಬೇಕು. ಬನವಾಸಿಯ ನಾಡಿನಲ್ಲಿ ರಚಿತವಾದವೆನ್ನಲಾದ ಸತ್ಪ್ರರೂಪಣೆಯ ಸೂತ್ರಗಳಲ್ಲಿ 93ನೆಯದು ಮನುಷ್ಯಿಣಿಯರ ಗುಣಸ್ಥಾನಗಳನ್ನು ಹೇಳುವ ಸೂತ್ರ. ಅಮರಾವತಿಯ ಸಂಪಾದಕರ ಮುಂದಿದ್ದ ಪ್ರತಿಗಳಲ್ಲಿ ಐದನೆಯದಾದ ‘ಸಂಜದಾಸಂಜದ’ದವರೆಗೆ ಪಟ್ಟಿ ಬಂದು ನಿಂತಿತ್ತು. ಆದರೆ ವೀರಸೇನರ ಟೀಕೆಯ ಚರ್ಚೆಯನ್ನು ಓದಿದರೆ ಅದರ ಮುಂದೆ ‘ಸಂಜದ’, ಎಂದರೆ ಸಂಯತ, ಎಂಬ ಪದವಿರಬೇಕೆಂದು ತೋರುತ್ತಿತ್ತು. ಸಂಪಾದಕರು ಅದನ್ನು ಸೂತ್ರದೊಳಗೆ ಸೇರಿಸದೆ, ಇಲ್ಲಿ ಈ ಪದ ಬಿಟ್ಟುಹೋದಂತಿದೆ ಎಂದು ಅಡಿಯಲ್ಲಿ ಸೂಚಿಸಿದರು. ಇದರಿಂದ ದೊಡ್ಡ ವಿವಾದವೆದ್ದಿತು. ಆ ಪದವನ್ನು ಒಪ್ಪಿದರೆ ಸ್ತ್ರೀಮುಕ್ತಿಯನ್ನು ಒಪ್ಪಿದಂತಾಗುವುದೆಂದು ಕೆಲವರು ಅಂಜಿದರು. ಮನುಷ್ಯಿಣಿ ಎಂಬುದು ಇಲ್ಲಿ ಭಾವಸ್ತ್ರೀಯನ್ನು ಕುರಿತದ್ದು, ಆದ್ದರಿಂದ ದಿಗಂಬರ ಸಿದ್ಧಾಂತಕ್ಕೆ ಬಾಧೆಯಿಲ್ಲವೆಂದು ಇತರರು ವಾದಿಸಿದರು. ಸಿದ್ಧಾಂತಗ್ರಂಥಗಳನ್ನು ತಾಮ್ರಪಟಗಳಲ್ಲಿ ಕೆತ್ತಿಸುವ ಕಾರ್ಯ ಆಚಾರ್ಯ ಶಾಂತಿಸಾಗರರ ಪ್ರೇರಣೆಯಿಂದ ನಡೆದಾಗ, ಆ ಪದವನ್ನು ಕೆತ್ತಬೇಕೆ ಬೇಡವೆ ಎಂಬುದೇ ಪ್ರಶ್ನೆಯಾಯಿತು. ನಿರ್ಣಯಕ್ಕೆ ಹೋಗಬೇಕಾದ ಸ್ಥಳ ಒಂದೇ ಆಗಿತ್ತು. ಮೂಡುಬಿದಿರೆಯ ತಾಳೆಗರಿಯನ್ನು ನೋಡಿದಾಗ ಅದರಲ್ಲಿ ‘ಸಂಜದ’ ಪದವಿತ್ತು.

ಗ್ರಂಥಸಂಪಾದನೆ ಕಲಿಯುವವರಿಗೆ ಇದಕ್ಕಿಂತ ಉತ್ತಮವಾದ ಪಾಠ ನಾನರಿಯೆ. ‘ಸಂಜದಾಸಂಜದ’ ಎಂದು ಬರೆದ ಲಿಪಿಕಾರ ಮತ್ತೆ ಮೂಲದತ್ತ ನೋಡಿದಾಗ ಅದೇ ಅಕ್ಷರಗಳು ಕಾಣುತ್ತವೆ. ಬರೆದಾಯಿತೆಂದು ಭಾವಿಸಿ ಮುಂದಕ್ಕೆ ಹೋಗುವುದು ಸಹಜ. ಅದರ ಹಿಂದೆ ದುರುದ್ದೇಶವನ್ನು ಹುಡುಕಬೇಕಾಗಿಲ್ಲ. ಪ್ರತಿಯಿಂದ ಪ್ರತಿಗೆ ಹೋಗುವಾಗ ಗ್ರಂಥ ಹರಡುತ್ತದೆ, ಹರಡುವಾಗ ಸೋರುತ್ತದೆ. ಸೋರಿದ್ದನ್ನು ತುಂಬಲು ಮೂಲದ ಗರಿ ಇರಬೇಕು. ಆದರೆ ಸೋರಿದೆಯೆಂದು ಗೊತ್ತಾಗಲು ಓದುವವನಿರಬೇಕು. ಬಸದಿಯಲ್ಲಿ ಆ ಪದ ಎಂಟು ಶತಮಾನ ಇದ್ದೇ ಇತ್ತು. ಅದಕ್ಕೆ ಇಷ್ಟು ಬೆಲೆಯಿದೆಯೆಂದು ತಿಳಿದದ್ದು ಅಮರಾವತಿಯಲ್ಲಿ ಯಾರೋ ಅರ್ಥಕ್ಕಾಗಿ ಓದಿದಾಗ. ಸ್ತ್ರೀಯ ಸಂಯಮವನ್ನು ಕುರಿತ ಆ ಪದವಿರುವ ಗ್ರಂಥವನ್ನು ಒಂದು ಕಾಲದಲ್ಲಿ ದೇಮಿಯಕ್ಕ ಬರೆಯಿಸಿದ್ದಳು, ಇನ್ನೊಂದು ಕಾಲದಲ್ಲಿ ಲಕ್ಷ್ಮೀಬಾಯಿ ಬರೆದಿದ್ದರು ಎಂಬುದನ್ನೂ ನಾವು ಮರೆಯಬಾರದು.

ಇದಕ್ಕೆ ಎದುರಾದ ಉದಾಹರಣೆ ನಮ್ಮ ಜಿಲ್ಲೆಯಲ್ಲಿಯೇ ಇದೆ. ನಾನಿರುವ ಜೇವರ್ಗಿ ಕಾಲೋನಿಯಿಂದ ಹೊರಟು ಒಂದೇ ದಿನದಲ್ಲಿ ಸನ್ನತಿಯನ್ನೂ ಮಳಖೇಡವನ್ನೂ ನೋಡಿ ಬರಬಹುದು. ಕಾಗಿಣಾ ದಡದ ಮಳಖೇಡ, ಅಂದಿನ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಕವಿರಾಜಮಾರ್ಗ ಹುಟ್ಟಿದ್ದು ಆ ಆಸ್ಥಾನದಲ್ಲಿ. ಅಪಭ್ರಂಶದ ಮಹಾಕವಿ ಪುಷ್ಪದಂತನು, ಈತ ಸೂತ್ರಕಾರ ಪುಷ್ಪದಂತರಿಗಿಂತ ಬೇರೆ, ಮೂರನೆಯ ಕೃಷ್ಣನ ಮಂತ್ರಿ ಭರತನ ಆಶ್ರಯದಲ್ಲಿ ಮಹಾಪುರಾಣವನ್ನು 965ರಲ್ಲಿ ಮುಗಿಸಿದ್ದೂ ಅಲ್ಲಿಯೇ. ಏಳು ವರ್ಷಗಳಲ್ಲಿ, 972ರಲ್ಲಿ, ಪರಮಾರ ಸೀಯಕನು ಆ ನಗರವನ್ನು ಸೂರೆಗೈದನು. ಇಂದು ಅಲ್ಲಿ ಕೋಟೆಯಿದೆ, ನೇಮಿನಾಥ ಬಸದಿಯಿದೆ. ರಾಷ್ಟ್ರಕೂಟರ ಕಾಲದ ಒಂದು ಗರಿಯೂ ಇಲ್ಲ. ಆದರೆ ಪುಷ್ಪದಂತನ ಕಾವ್ಯ ಅಳಿಯಲಿಲ್ಲ. ಉತ್ತರದ ಶ್ರಾವಕರು ಅದನ್ನು ಪ್ರತಿ ಮಾಡುತ್ತ ಬಂದರು. ದೆಹಲಿಯ ಬಳಿಯ ಪಾಲಂನಲ್ಲಿ 1540ರಲ್ಲಿ ಬರೆದ ಅದರ ಪ್ರತಿ ತುಂಬ ವರ್ಣಚಿತ್ರಗಳಿದ್ದು, ಭಾರತೀಯ ಚಿತ್ರಕಲೆಯ ಚರಿತ್ರೆಯಲ್ಲಿ ಅದಕ್ಕೆ ಪ್ರಮುಖ ಸ್ಥಾನವಿದೆ. ಮಳಖೇಡದ ಕವಿಯ ಕಾವ್ಯಕ್ಕೆ ಬಣ್ಣ ಬಂದದ್ದು ಆರು ಶತಮಾನಗಳ ಅನಂತರ, ಯಮುನೆಯ ನಾಡಿನಲ್ಲಿ.

ಹವಾಮಾನವೇ ಗರಿಯನ್ನು ಉಳಿಸುವುದಾಗಿದ್ದರೆ ಒಣಹವೆಯ ಮಳಖೇಡದಲ್ಲಿ ಉಳಿಯಬೇಕಿತ್ತು, ಮಳೆಯ ಮೂಡುಬಿದಿರೆಯಲ್ಲಿ ಕೊಳೆಯಬೇಕಿತ್ತು. ಆದದ್ದು ಇದಕ್ಕೆ ವಿರುದ್ಧ. ಕಟ್ಟನ್ನು ವರ್ಷಕ್ಕೊಮ್ಮೆ ಬಿಚ್ಚುವ, ಹಳತಾದಾಗ ಮತ್ತೆ ಬರೆಯುವ ಸಮುದಾಯ ಇರುವಲ್ಲಿ ಗರಿ ಉಳಿಯುತ್ತದೆ. ನಾಲಂದಾದ ವಿಷಯದಲ್ಲಿಯೂ ಇದೇ ಮಾತು. ಅಲ್ಲಿ ಬರೆದ ಪ್ರತಿಗಳಲ್ಲಿ ನಮಗೆ ದೊರೆತಿರುವುವು ಬಹುಮಟ್ಟಿಗೆ ನೇಪಾಳಕ್ಕೂ ಟಿಬೆಟ್ಟಿಗೂ ಹೋಗಿ ಉಳಿದಂಥವು. ನೇಪಾಳದ ಪಾಟನ್ ನಗರದ ಹಿರಣ್ಯವರ್ಣ ಮಹಾವಿಹಾರದಲ್ಲಿ ಪ್ರಜ್ಞಾಪಾರಮಿತೆಯ ಪ್ರಾಚೀನ ಪ್ರತಿಯೊಂದನ್ನು ವಜ್ರಾಚಾರ್ಯರು ಭಕ್ತರ ಹರಕೆಗಾಗಿ ಇಂದಿಗೂ ಹಾಳೆ ಹಂಚಿಕೊಂಡು ಗಟ್ಟಿಯಾಗಿ ಪಠಿಸುತ್ತಾರೆ. ಅಲ್ಲಿ ಪೂಜೆಯೆಂದರೆ ಪಠನವೇ. ಕನ್ನಡ ನಾಡಿನ ಬೌದ್ಧರಿಗೆ ಅಂಥ ಸಮುದಾಯ ಉಳಿಯಲಿಲ್ಲ. ಡಂಬಳದ ಸೆಟ್ಟಿಗಳ ಮೊಮ್ಮಕ್ಕಳು ಬೇರೆ ದೈವಗಳಿಗೆ ನಡೆದುಕೊಂಡಾಗ, ವಿಹಾರದ ಕಟ್ಟುಗಳನ್ನು ಬಿಚ್ಚಲು ಯಾರೂ ಇರಲಿಲ್ಲ. ಅದಕ್ಕೆ ಶತ್ರುವೇ ಬೇಕಾಗಿಲ್ಲ, ಮೂರು ಮಳೆಗಾಲ ಸಾಕು. ಕಲ್ಲಿಗೆ ಈ ಕಷ್ಟವಿಲ್ಲ. ಸನ್ನತಿಯ ಫಲಕಗಳು ಮಣ್ಣಿನಡಿಯಲ್ಲಿ ಯಾರ ಹಂಗೂ ಇಲ್ಲದೆ ಉಳಿದವು.

ಬೌದ್ಧಗ್ರಂಥಗಳು ಈಗ ಬೇರೊಂದು ರೂಪದಲ್ಲಿ ಕರ್ನಾಟಕಕ್ಕೆ ಮರಳಿವೆ. 1960ರ ದಶಕದಲ್ಲಿ ಬೈಲಕುಪ್ಪೆ, ಮುಂಡಗೋಡಗಳಲ್ಲಿ ನೆಲೆಸಿದ ಟಿಬೆಟನ್ನರು ಸೆರಾ, ಡ್ರೆಪುಂಗ್, ಗಾಂದೆನ್ ಮಠಗಳನ್ನು ಇಲ್ಲಿ ಪುನಃಸ್ಥಾಪಿಸಿದರು. ಅವರ ಗ್ರಂಥಗಳು ಕಾಗದದವು. ಆದರೂ ಹಾಳೆಗಳು ಉದ್ದವಾಗಿ, ಕಿರಿದಾಗಿ, ಬಿಡಿಬಿಡಿಯಾಗಿ ಇರುತ್ತವೆ. ಬಟ್ಟೆಯಲ್ಲಿ ಸುತ್ತಿ ಹಲಗೆಗಳ ನಡುವೆ ಇಡುತ್ತಾರೆ. ತಾಳೆ ಬೆಳೆಯದ ನಾಡಿನಲ್ಲಿ ಅವರು ಸಾವಿರ ವರ್ಷ ತಾಳೆಗರಿಯ ಆಕಾರವನ್ನು ಕಾಪಾಡಿಕೊಂಡು ಬಂದಿದ್ದಾರೆ. ಮುಂಡಗೋಡವೂ, ಪುಷ್ಪದಂತರು ಸೂತ್ರ ರಚಿಸಿದ ಬನವಾಸಿಯೂ ಒಂದೇ ಉತ್ತರ ಕನ್ನಡ ಜಿಲ್ಲೆಯಲ್ಲಿವೆ.

ಇಂದು ಹಸ್ತಪ್ರತಿಗಳ ರಕ್ಷಣೆ ಎಂದರೆ ಡಿಜಿಟಲೀಕರಣವೆಂದು ತಿಳಿಯಲಾಗಿದೆ. ರಾಷ್ಟ್ರೀಯ ಹಸ್ತಪ್ರತಿ ಮಿಷನ್ 2003ರಲ್ಲಿ ಆರಂಭವಾದ ಮೇಲೆ ಈ ದಿಕ್ಕಿನಲ್ಲಿ ಸಾಕಷ್ಟು ಕೆಲಸವಾಗಿದೆ, ಅದು ಆಗಲೇಬೇಕು. ಆದರೆ ಕಂಪ್ಯೂಟರಿನೊಳಗೆ ಸೇರಿ ಯಾರೂ ಓದದ ಗರಿಗೂ, ಬೀರುವಿನೊಳಗೆ ಪೂಜೆಗೊಂಡು ಯಾರೂ ಓದದ ಗರಿಗೂ ಹೆಚ್ಚಿನ ವ್ಯತ್ಯಾಸವಿಲ್ಲ. ಕೆ. ಭುಜಬಲಿ ಶಾಸ್ತ್ರಿಗಳು 1948ರಲ್ಲಿ ಪ್ರಕಟಿಸಿದ ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿಯನ್ನು ತೆರೆದು ನೋಡಿದರೆ, ಒಂದೊಂದು ಕಟ್ಟನ್ನೂ ಬಿಚ್ಚಿ ಓದಿದವರ ಶ್ರಮ ಪ್ರತಿ ಪುಟದಲ್ಲಿ ಕಾಣುತ್ತದೆ. ಶ್ರವಣಬೆಳಗೊಳದ ಪ್ರಾಕೃತ ಸಂಸ್ಥೆಯ ಮೂಲಕ ಧವಲೆ ಈಗ ಕನ್ನಡಕ್ಕೂ ಬರುತ್ತಿದೆ. ಕನ್ನಡ ಲಿಪಿಯೇ ಕಾಪಾಡಿದ ಗ್ರಂಥ ಕನ್ನಡದ ಮಾತಿಗೆ ಬರಲು ಇಷ್ಟು ಕಾಲ ಹಿಡಿಯಿತು.

ಕಲಬುರಗಿಯ ಸುತ್ತಲಿನ ಊರುಗಳಲ್ಲಿ, ಬಸದಿಗಳಲ್ಲಿ, ಮಠಗಳಲ್ಲಿ, ಹಳೆಯ ಮನೆಗಳ ಅಟ್ಟಗಳಲ್ಲಿ ಇನ್ನೂ ಕಟ್ಟುಗಳಿವೆ. ಅವು ಜೈನರವೋ, ವೀರಶೈವರವೋ, ಬ್ರಾಹ್ಮಣರವೋ ಎಂಬುದು ಎರಡನೆಯ ಪ್ರಶ್ನೆ. ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆಯಿಷ್ಟೆ. ಹಳಗನ್ನಡ ಲಿಪಿಯನ್ನು ಕಲಿಯಿರಿ. ಆರು ತಿಂಗಳ ಅಭ್ಯಾಸ ಸಾಕು. ಕಟ್ಟು ಇರುವ ಮನೆಯವರ ಭಕ್ತಿಗೆ ನೋವಾಗದಂತೆ, ಅವರ ಎದುರಿನಲ್ಲಿಯೇ, ಅವರ ಒಪ್ಪಿಗೆಯಿಂದ ಅದನ್ನು ಬಿಚ್ಚಿ ಓದಿ ಹೇಳಿ. ಕೊನೆಯ ಗರಿ ಇದ್ದರೆ ಅದನ್ನು ಮೊದಲು ಬರೆದುಕೊಳ್ಳಿ. ಮುಂದಿನ ಶ್ರುತಪಂಚಮಿಗೆ ಕಾಯಬೇಕಾಗಿಲ್ಲ.